ಯಾರು ಹೊಡೆದರು ಅನ್ನುವುದರ ಜೊತೆಗೆ ಯಾವ ಹೊತ್ತಲ್ಲಿ ಅಂತಲೂ ಕೇಳಿದೆ

ವೃದ್ಧಾಶ್ರಮದಲ್ಲಿ ಆರೈಕೆ ಮಾಡುವವರ ಮೇಲ್ವಿಚಾರಣೆ ನನ್ನ ಕೆಲಸ. ಹಿರಿಯರನ್ನು ಗದರಿದರು, ಕೈ ಮಾಡಿದರು ಎಂಬ ದೂರು ಬಂದರೆ ಎಲ್ಲರೂ ಮೊದಲು ಕೇಳುವುದು, ಯಾರು ಮಾಡಿದ್ದು ಅಂತ. ಅದನ್ನು ಕೇಳಲೇಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಇಂಥ ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ 3ರಲ್ಲಿ 2 ಮಂದಿ, ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ದೌರ್ಜನ್ಯ ಮಾಡಿದ್ದೇವೆ ಎಂದು ತಾವೇ ಒಪ್ಪಿಕೊಂಡಿದ್ದಾರೆ. ಅಷ್ಟು ಜನರೂ ಹುಟ್ಟಾ ಕ್ರೂರಿಗಳಾಗಿರಲು ಸಾಧ್ಯವಿಲ್ಲ, ಅಲ್ವಾ?

ಹಾಗಾಗಿ ಪ್ರತಿ ದೂರಿನ ಪಕ್ಕ ಇನ್ನಷ್ಟು ವಿವರ ಬರೆದಿಡತೊಡಗಿದೆ. ಆಗ ಗಂಟೆ ಎಷ್ಟು, ಯಾವ ಕೆಲಸ ನಡೆಯುತ್ತಿತ್ತು, ಪಾಳಿಯಲ್ಲಿ ಎಷ್ಟು ಜನ ಇದ್ದರು. ಒಟ್ಟಿಗೆ ಇಟ್ಟು ನೋಡಿದಾಗ ಬಹುಪಾಲು ದೂರು ಬೆಳಗಿನ ಸ್ನಾನ, ಸಂಜೆಯ ಹೊತ್ತು ಮತ್ತು ರಾತ್ರಿ ಪಾಳಿಯದ್ದೇ ಆಗಿತ್ತು.

ಸ್ನಾನದ ಹೊತ್ತನ್ನು ನಿಂತು ನೋಡಿದೆ. ಮರೆವಿನ ಕಾಯಿಲೆ ಇರುವವರಿಗೆ, ಯಾರೋ ಬಂದು ಬಟ್ಟೆ ಬಿಚ್ಚುತ್ತಿದ್ದಾರೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಹೆದರಿ ತಳ್ಳುತ್ತಾರೆ, ಪರಚುತ್ತಾರೆ. ಮಂಡಿ ನೋಯುತ್ತಿದೆ ಎಂದು ಹೇಳಲಾಗದವರು ಮುಟ್ಟಿದ ಕೂಡಲೇ ಕಿರುಚುತ್ತಾರೆ. ಆರೈಕೆ ಮಾಡುವವಳಿಗೆ ಇನ್ನೂ ಎಷ್ಟೋ ಜನರ ಸ್ನಾನ ಬಾಕಿ. ತಿಂಡಿಯ ಹೊತ್ತಿಗೆ ಎಲ್ಲ ಮುಗಿದಿರಬೇಕು. ಅವಳು ಇದನ್ನು ಹಠ ಅಂದುಕೊಳ್ಳುತ್ತಾಳೆ. ರಟ್ಟೆ ಹಿಡಿದು ಎಳೆಯುವುದು ಅಲ್ಲಿಂದ ಶುರು.

ಎಲ್ಲರಿಗೂ ಬೆಳಗ್ಗೆಯೇ ಸ್ನಾನ ಎಂಬ ನಿಯಮವನ್ನು ತೆಗೆಸಿದೆ. ಬೇಡ ಅಂದವರಿಗೆ ಸಂಜೆ ಮಾಡಿಸಿದರಾಯಿತು, ಇಲ್ಲವೇ ಬಿಸಿನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಮೈ ಒರೆಸಿದರಾಯಿತು. ವೈದ್ಯರನ್ನು ಕೇಳಿ ನೋವಿನ ಮಾತ್ರೆಯನ್ನು ಸ್ನಾನಕ್ಕೆ ಮುಂಚೆಯೇ ಕೊಡಿಸಿದೆ. ಯಾರಾದರೂ ಇದ್ದಕ್ಕಿದ್ದಂತೆ ರೇಗತೊಡಗಿದರೆ ಮೂತ್ರದ ಸೋಂಕು ಇದೆಯಾ ಎಂದು ಪರೀಕ್ಷೆ ಮಾಡಿಸುತ್ತೇವೆ. ಒಂದರ ಹಿಂದೆ ಒಂದು ಪಾಳಿ ಮಾಡಿಸುವುದು ನಿಂತಿತು. ಇದಕ್ಕೆ ಮ್ಯಾನೇಜ್‌ಮೆಂಟ್ ಜೊತೆ ಜಾಸ್ತಿಯೇ ಜಗಳವಾಡಬೇಕಾಯಿತು. ಸಿಟ್ಟು ನೆತ್ತಿಗೇರಿದರೆ, ಹಿರಿಯರು ಬೀಳದಂತೆ ಕೂರಿಸಿ, ಹೊರಗೆ ಬಂದು ಇನ್ನೊಬ್ಬರನ್ನು ಕರೆಯಬಹುದು. ಅದಕ್ಕೆ ಯಾರೂ ಬೈಯುವುದಿಲ್ಲ.

ಹಾಗಂತ ಸುಸ್ತಾಗಿತ್ತು ಎಂದರೆ ಹೊಡೆದದ್ದು ಮಾಫಿ ಆಗುವುದಿಲ್ಲ. ಹೊಡೆದವರನ್ನು, ದುಡ್ಡು ಕದ್ದವರನ್ನು ಅದೇ ದಿನ ಹಿರಿಯರ ಹತ್ತಿರದಿಂದ ದೂರ ಇಡುತ್ತೇವೆ, ವಿಚಾರಣೆ ಆಮೇಲೆ.

ದೂರೇ ಬರದ ಕೋಣೆಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆ. ಮಾತು ನಿಂತವರು, ನೋಡಲು ಯಾರೂ ಬಾರದವರು ಅಲ್ಲಿರುತ್ತಾರೆ. ಅವರ ರಟ್ಟೆಯಲ್ಲಿ ಬೆರಳಿನ ಗುರುತು ಇದೆಯಾ, ತೂಕ ಇಳಿದಿದೆಯಾ, ಬೆನ್ನಲ್ಲಿ ಹುಣ್ಣು ಎದ್ದಿದೆಯಾ, ಹಗಲೆಲ್ಲಾ ಮಂಪರಿನಲ್ಲಿ ಇದ್ದಾರಾ ಅಂತ ನಾನೇ ಹೋಗಿ ನೋಡುತ್ತೇನೆ. ಇವೆಲ್ಲ ಪಕ್ಕದಲ್ಲಿ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿರುತ್ತದೆ. ಹೇಳಲು ಹೆದರಿಕೆ, ಅಷ್ಟೇ. ಹೇಳಿದ ಹುಡುಗಿಯನ್ನು ಮರುದಿನ ಅದೇ ಗುಂಪಿನ ಜೊತೆ ಪಾಳಿಗೆ ಹಾಕಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಪಾಳಿ ಪಟ್ಟಿಯನ್ನು ಈಗ ನಾನೇ ಬರೆಯುತ್ತೇನೆ.