ಜೇಡಿಮಣ್ಣಿನ ಧರೆಯಲ್ಲಿ ತೋಟ ಹಿಡಿಸಿದ ನನ್ನ ಅನುಭವ

2024ರ ಜುಲೈನಲ್ಲಿ ಮಳೆ ಹೇಗೆ ಹೊಯ್ಯಿತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆ ಮಳೆಯಲ್ಲೂ ನಮ್ಮ ಹಿತ್ತಿಲ ಧರೆಯಿಂದ, ಅಂದರೆ ಮನೆ ಹಿಂದಿನ ಮಣ್ಣಿನ ಇಳಿಜಾರಿನಿಂದ, ಒಂದು ಬುಟ್ಟಿ ಮಣ್ಣು ಕೆಳಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಹುಲ್ಲು ನೆಟ್ಟು ಧರೆ ನಿಲ್ಲಿಸ್ತಾಳಂತೆ" ಎಂದವರೇ ಈಗ ಆ ಲಾವಂಚ ಹುಲ್ಲಿನ ಬುಡ ಕೇಳಿಕೊಂಡು ಬರುತ್ತಿದ್ದಾರೆ.

ಹೊಸನಗರ ತಾಲ್ಲೂಕಿನ ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಹಿಂದಿನ ಧರೆ ಸುಮಾರು 70 ಅಡಿ ಅಗಲ, 30 ಅಡಿ ಎತ್ತರ. ನಾಲ್ಕು ಅಡಿ ಮುಂದೆ ಹೋದರೆ ಮೂರು ಅಡಿ ಏರು. ಮೇಲೆ ಒಂದೆರಡು ಅಡಿ ಜಂಬಿಟ್ಟಿಗೆ ಚೂರಿನ ಕೆಂಪು ಮಣ್ಣು, ಕೆಳಗೆಲ್ಲ ಜೇಡಿ, ಅಲ್ಲಲ್ಲಿ ಶೇಡಿ ಮಣ್ಣಿನ ಬಿಳಿ ಪಟ್ಟಿ. ಒಣಗಿದರೆ ಹಾರೆ ಇಳಿಯುವುದಿಲ್ಲ. ನೆನೆದರೆ ಕಾಲು ನಿಲ್ಲುವುದಿಲ್ಲ.

2019ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಧರೆಯ ಒಂದು ಭಾಗ ಜಾರಿ ಬಚ್ಚಲ ಗೋಡೆಗೆ ಬಂದು ನಿಂತಿತು. ಮೇಸ್ತ್ರಿ ನೋಡಿ ಕಾಂಕ್ರೀಟ್ ಗೋಡೆಗೆ ನಾಲ್ಕೂವರೆ ಲಕ್ಷ ಎಂದರು. ಅಷ್ಟು ದುಡ್ಡು ಇರಲಿಲ್ಲ. ಇದ್ದಿದ್ದರೂ, ದಿನಾ ಸಿಮೆಂಟ್ ಗೋಡೆ ನೋಡುತ್ತಾ ಪಾತ್ರೆ ತೊಳೆಯಲು ನನಗೆ ಮನಸ್ಸಿರಲಿಲ್ಲ. ಅಲ್ಲಿ ನನಗೆ ಹೂವಿನ ಗಿಡ ಬೇಕಿತ್ತು.

ಮೊದಲು ಎರಡು ವರ್ಷ ಹಾಳುಮಾಡಿಕೊಂಡೆ. 2020ರ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಧರೆಯನ್ನು ಮೆಟ್ಟಿಲಿನ ಹಾಗೆ ಕಡಿಸಿದೆ. ಧರೆಯ ತಲೆಯ ಮೇಲೆ ಆರು ಇಂಗುಗುಂಡಿ ತೋಡಿಸಿದೆ. ಎಲ್ಲರೂ ನೀರಿಂಗಿಸಿ ಅನ್ನುತ್ತಿದ್ದ ಕಾಲ, ನಾನೂ ಇಂಗಿಸಿದೆ. ಎಲ್ಲಾ ಸೇರಿ 38 ಸಾವಿರ ಆಗಿರಬೇಕು. ಪುಷ್ಯ ಮಳೆಗೆ ಗುಂಡಿ ತುಂಬಿ ಆ ನೀರು ಒಳಗೆ ಇಳಿಯಿತು. ಜೇಡಿಯಿಂದ ಕೆಳಗೆ ಹೋಗಲಾರದೆ, ಮೇಲಿನ ಸಡಿಲ ಮಣ್ಣನ್ನು ಜಾರಿಸಿಕೊಂಡು ಹೊರಬಂತು. ಕಡಿಸಿದ ಮೆಟ್ಟಿಲುಗಳಲ್ಲಿ ಮೂರು ಹೋದವು. ಇಂಗುಗುಂಡಿ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಒಳ್ಳೆಯದು, ಬಯಲಿಗೆ ಒಳ್ಳೆಯದು. ಮನೆ ಹಿಂದಿನ ಜೇಡಿ ಧರೆಯ ತಲೆಗೆ ಮಾತ್ರ ಬೇಡವೇ ಬೇಡ.

ಮಾರನೇ ವರ್ಷ ಎರಡು ಅಡಿ ಗುಂಡಿ ತೋಡಿ, ಮರಳು ಗೊಬ್ಬರ ತುಂಬಿ ದಾಸವಾಳ, ಗೊರಟೆ, ನಾಲ್ಕು ಬಾಳೆ ನೆಟ್ಟೆ. ಜೇಡಿಯಲ್ಲಿ ತೋಡಿದ ಗುಂಡಿ ಅಂದರೆ ಮಡಕೆ ಇದ್ದ ಹಾಗೆ, ನೀರು ಹೋಗಲು ದಾರಿ ಇಲ್ಲ. ಜುಲೈ ಮುಗಿಯುವುದರೊಳಗೆ ಅರ್ಧಕ್ಕರ್ಧ ಗಿಡ ಕೊಳೆತವು. ಬಾಳೆ ಬುಡಸಮೇತ ಕಿತ್ತುಕೊಂಡು ಕೆಳಗೆ ಬಂತು. ಮೇಲ್ಮೇಲೆ ಬೇರು, ತಲೆ ಭಾರ, ಇನ್ನೇನಾಗುತ್ತದೆ. ಮರಳು ಬೆರೆತ ಮಣ್ಣು ಮಾರ್ಚ್‌ಗೆ ಇಟ್ಟಿಗೆಯಾಗಿತ್ತು. "ಸುಮ್ನೆ ದುಡ್ಡು ಮಣ್ಣಿಗೆ ಹಾಕ್ತಿದ್ದೀಯ, ತಂಗಿ" ಎಂದರು ನಮ್ಮ ಮನೆಯವರ ಚಿಕ್ಕಪ್ಪ.

2022ರಲ್ಲಿ ಎಲ್ಲಾ ಉಲ್ಟಾ ಮಾಡಿದೆ. ಧರೆಗೆ ಗುದ್ದಲಿ ತಾಗಿಸುವುದನ್ನೇ ಬಿಟ್ಟೆ. ಇಂಗುಗುಂಡಿ ಮುಚ್ಚಿಸಿ, ಧರೆಯ ತಲೆಯಿಂದ ಎಂಟು ಹತ್ತು ಅಡಿ ಹಿಂದೆ ಒಂದು ಕಾಲುವೆ ತೆಗೆಸಿ ಗುಡ್ಡದ ನೀರನ್ನು ಪಕ್ಕದ ಹಳ್ಳಕ್ಕೆ ಬಿಟ್ಟೆ. ಆಮೇಲೆ ಲಾವಂಚ. ಗಾರೆಯವರ ಲೆವೆಲ್ ಪೈಪ್ ಹಿಡಿದು ಅಡ್ಡಕ್ಕೆ ಏಳು ಸಾಲು ಗುರುತು ಹಾಕಿದೆವು. ಇಲ್ಲಿ ಒಂದು ಮಾತು. ಪೂರ್ತಿ ಮಟ್ಟ ಇಡಬೇಡಿ. ನಾನು ಹತ್ತು ಅಡಿಗೆ ಒಂದು ಇಂಚು ವಾಟ (ಇಳಿಜಾರು) ಕೊಟ್ಟೆ, ಹಳ್ಳದ ಕಡೆಗೆ. ನೀರು ಸಾಲಿನ ಹಿಂದೆ ನಿಲ್ಲದೆ ನಿಧಾನ ಪಕ್ಕಕ್ಕೆ ಹೋಗುತ್ತದೆ.

ಅರ್ಧ ಅಡಿಗೆ ಒಂದರಂತೆ ಸಾವಿರದ ಹತ್ತಿರ ಬುಡ ಬೇಕಾಯಿತು. ಒಂದಕ್ಕೆ ಮೂರು ರೂಪಾಯಿ. ಎಲ್ಲರೂ ಜೂನ್ ಕೊನೆಯ ಆರಿದ್ರಾ ಮಳೆಗೆ ಗಿಡ ನೆಡುತ್ತಾರೆ. ಧರೆಗೆ ಅದು ತಡವಾಯಿತು, ಬೇರು ಹಿಡಿಯುವ ಮೊದಲೇ ಹೊಡೆತ ಬೀಳುತ್ತದೆ. ನಾನು ಮೇ ಕೊನೆಗೆ, ರೋಹಿಣಿಯ ಎರಡು ಹದ ಮಳೆ ಬಿದ್ದ ಕೂಡಲೇ ಮುಗಿಸಿದೆ. ಬೇರನ್ನು ಸಗಣಿ ಗಂಜಿಯಲ್ಲಿ ಅದ್ದಿ ನೆಟ್ಟೆ. ಗಂಜಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನಮ್ಮ ಮನೆಯಲ್ಲೇ ಇರಲಿ. ನೂರಕ್ಕೆ ತೊಂಬತ್ತು ಬದುಕಿದವು, ನಮ್ಮ ಸುತ್ತಮುತ್ತ ಹಾಗೆ ಬದುಕಿಸಿದವರನ್ನು ನಾನು ನೋಡಿಲ್ಲ.

ಪ್ರತಿ ಸಾಲಿನ ಕೆಳಗೆ ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರ) ಅಡ್ಡ ಇಟ್ಟು ಗೂಟ ಹೊಡೆದೆವು. ಸತ್ತ ಅಡಿಕೆ ಮರ ಹದಿನೈದು ಇದ್ದವು, ಖರ್ಚಿಲ್ಲ. ದಬ್ಬೆ ಎರಡು ಮೂರು ವರ್ಷಕ್ಕೆ ಕೊಳೆತು ಕುಂಬಾಗುತ್ತದೆ. ಅಷ್ಟರಲ್ಲಿ ಲಾವಂಚದ ಬೇರು ಆಳಕ್ಕೆ ಇಳಿದಿರುತ್ತದೆ. ಆಳುಗಳ ಸಂಬಳ 20 ಆಳಿಗೆ 12 ಸಾವಿರ, ಬುಡ ಮೂರು ಸಾವಿರ, ಕಾಲುವೆ, ಗೂಟ, ಊಟ ಎಲ್ಲಾ ಸೇರಿ 22 ಸಾವಿರ ದಾಟಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ಜೇಡಿ ಬಿರುಕು ಬಿಟ್ಟರೆ ಮುಂದಿನ ಮಳೆ ಅದೇ ಬಿರುಕಿನಲ್ಲಿ ಇಳಿದು ಧರೆಯನ್ನು ಸೀಳುತ್ತದೆ. ಹಾಗಾಗಿ ಇಡೀ ಧರೆಗೆ ದರಕು (ಒಣ ಎಲೆ) ಹೊದಿಸಿದೆ. ಬರಿ ದರಕು ಜಾರುತ್ತದೆ ಎಂದು ಮೇಲೆ ಹಳೆಯ ತೆಂಗಿನ ಗರಿ ಹೇರಿದೆ. ಅತ್ತೆ, ನಾನು ಇಬ್ಬರೇ, ಹನ್ನೊಂದು ದಿನ. ಮಂಗಗಳು ಗರಿ ಎಳೆದಾಡಿದವು, ಮತ್ತೆ ಹೊದಿಸಿದೆವು.

ಹೂವಿನ ವಿಷಯಕ್ಕೆ ಬರುತ್ತೇನೆ, ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು. ಲಾವಂಚದ ಸಾಲಿನ ಹಿಂದೆ ಎರಡು ಮಳೆಗಾಲಕ್ಕೆ ಆರೇಳು ಇಂಚು ಸಣ್ಣ ಮಣ್ಣು ಬಂದು ಕೂತಿತು. ದುಡ್ಡು ಕೊಟ್ಟು ಕಡಿಸಿದ ಮೆಟ್ಟಿಲು ನಿಲ್ಲಲಿಲ್ಲ, ಇದು ತಾನಾಗಿ ಆಯಿತು! ಆ ಮಣ್ಣಿನ ಮೇಲೆ ಎಲೆಗೊಬ್ಬರದ ದಿಬ್ಬ ಮಾಡಿ ಗಿಡ ಕೂರಿಸುತ್ತೇನೆ. ಗುಂಡಿ ತೋಡುವುದಿಲ್ಲ. ದಾಸವಾಳ, ಮಜ್ಜಿಗೆ ಹುಲ್ಲು, ಗೊರಟೆ ಚೆನ್ನಾಗಿ ಬಂದವು. ಡೇರೆ (ಡೇಲಿಯಾ) ಗಡ್ಡೆ 20 ಬಣ್ಣದ್ದು ಇಟ್ಟೆ. ಸಮಕ್ಕೆ ಇಟ್ಟ ಹನ್ನೆರಡೂ ಕೊಳೆತವು, ದಿಬ್ಬದ ಮೇಲಿನ ಎಂಟೂ ಹೂ ಬಿಟ್ಟವು. ಅದರಲ್ಲಿ ಒಂದು ನೇರಳೆ ಅಂಚಿನ ಬಿಳಿ, ಊಟದ ಬಟ್ಟಲಿನಷ್ಟು ದೊಡ್ಡದು. ಶುಂಠಿ ಒಂದು ಮೂಲೆಯಲ್ಲಿ ಹಾಕಿ ತಪ್ಪು ಮಾಡಿದೆ. ಕೀಳುವಾಗ ಮಣ್ಣು ಸಡಿಲಾಗಿ ಹೋಯಿತು, ಉಳಿದದ್ದಕ್ಕೆ ಕಾಡುಹಂದಿ ಬಂತು. ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ 30 ಊರಿದ್ದೆ, ಹದಿನೆಂಟು ಚಿಗುರಿವೆ. ವರ್ಷಕ್ಕೆ ಎರಡು ಸಲ ತಲೆ ಕಡಿದು ಸೊಪ್ಪು ಅಲ್ಲೇ ಹಾಸುತ್ತೇನೆ. ಎತ್ತರ ಬಿಟ್ಟರೆ ಗಾಳಿಗೆ ಅಲುಗಾಡಿ ಬುಡ ಸಡಿಲ ಮಾಡುತ್ತದೆ.

ಲಾವಂಚದ ಬೇರಿಗೆ ಒಳ್ಳೆ ಬೆಲೆ ಇದೆ, ಕಿತ್ತು ಮಾರು ಎಂದು ಹೇಳಿದವರಿದ್ದಾರೆ. ಧರೆಯ ಲಾವಂಚ ಕೀಳುವುದು ಅಂದರೆ ಧರೆಯನ್ನೇ ಕಿತ್ತ ಹಾಗೆ. ಮಾರುವ ಆಸೆ ಇದ್ದರೆ ಬಯಲಿನಲ್ಲಿ ಬೇರೆ ನೆಡಿ. ಇನ್ನೊಂದು, ನೆಟ್ಟಗೆ ಗೋಡೆಯ ಹಾಗೆ ಕಡಿದ ಧರೆಗೆ ಈ ಕೆಲಸ ಸಾಲದು. ಅಲ್ಲಿ ಮೊದಲು ಇಳಿಜಾರು ತಗ್ಗಿಸಲೇಬೇಕು.

ಉತ್ತರದ ಮೂಲೆ ಇನ್ನೂ ಬಾಕಿ ಇದೆ. ಆಶ್ಲೇಷ ಮಳೆ ಹೊತ್ತಿಗೆ ಅಲ್ಲಿ ನೆಲದಿಂದ ಜಲ ಏಳುತ್ತದೆ, ಲಾವಂಚ ಹಳದಿಯಾಗುತ್ತದೆ. ಒಂದು ಓಟೆ ಬಿದಿರಿನ ಕೊಳವೆ ಕೂರಿಸಿ ನೀರನ್ನು ಹೊರಗೆ ಬಿಟ್ಟಿದ್ದೇನೆ. ಸುತ್ತ ಕರಿಕೆಸು ಹಾಕಿದ್ದೇನೆ. ಸದ್ಯ ನಾಲ್ಕು ಎಲೆ ಬಿಟ್ಟಿದೆ.