ಗ್ರಾಫಿಕ್ಸ್ ಕಾರ್ಡ್ ಸತ್ತಿದೆಯೇ? ಕಾಯಿಸುವ ಮುಂಚೆ ಅಳೆಯಿರಿ

ಕಲಬುರಗಿಯ ಬೇಸಿಗೆಯಲ್ಲಿ ಕಂಪ್ಯೂಟರಿನ ದೊಡ್ಡ ಶತ್ರು ಬಿಸಿಲಲ್ಲ, ಅದಕ್ಕೆ ಮುಖ ಮಾಡಿ ಇಟ್ಟ ಏರ್ ಕೂಲರ್. ಬೋರ್‌ವೆಲ್ಲಿನ ಗಡಸು ನೀರಿನ ತೇವ ಕ್ಯಾಬಿನೆಟ್ಟಿಗೆ ನುಗ್ಗಿ, ಒಳಗಿನ ಧೂಳಿಗೆ ಅಂಟಿ, ಕಾರ್ಡಿನ ಅಂಚಿನಲ್ಲಿ ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಕಾಲುಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪರದೆ ಕಪ್ಪಾದ ಕೂಡಲೇ ಕಾರ್ಡ್ ಸತ್ತಿತು ಅನ್ನಬೇಡಿ.

ಮೊದಲು ಬಿಟ್ಟಿ ಕೆಲಸ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರೋ ಕಾರ್ಡಿಗೋ ನೋಡಿ; ನಗಬೇಡಿ, ಇದು ಆಗುತ್ತಲೇ ಇರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ, ಆಮೇಲೆ ಕಾರ್ಡ್ ತೆಗೆಯಿರಿ. ಕಾಲುಗಳನ್ನು ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, 99% ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆಯಿರಿ. ಸ್ಲಾಟನ್ನೂ ಊದಿ, ಕಾರ್ಡ್ ಹಾಕಿ ನೋಡಿ. ಆಗಲಿಲ್ಲವೆಂದರೆ ಬೇರೆ ಕಂಪ್ಯೂಟರಿನಲ್ಲಿ ಹಾಕಿ. ದೋಷ ಎಸ್‌ಎಂಪಿಎಸ್‌ನದೋ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಕಾರ್ಡಿನದೋ ಗೊತ್ತಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಎಚ್ಚರ: ಒಂದು ಎಸ್‌ಎಂಪಿಎಸ್‌ನ ಬಿಡಿ ಕೇಬಲ್ಲನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಕಾರ್ಡಿನ ಕಡೆ ಒಂದೇ ಥರ ಇದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ. ತಪ್ಪಿದರೆ ಒಳ್ಳೆಯ ಕಾರ್ಡೂ ಆಗಲೇ ಸುಡುತ್ತದೆ.

ಇಷ್ಟಕ್ಕೂ ಎದ್ದಿಲ್ಲವೇ? ಈಗ ಮಲ್ಟಿಮೀಟರ್. ಕಾರ್ಡ್ ಹೊರಗಿರಲಿ, ಮೀಟರ್ 200 ಓಂ ರೇಂಜಿನಲ್ಲಿರಲಿ. ಎರಡೂ ಮುಳ್ಳು ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.2–0.5 ಓಂ ಅನ್ನು ಪ್ರತಿ ಅಳತೆಯಿಂದ ಕಳೆಯಿರಿ. ಕಾಲುಗಳ ಸಾಲಿನಲ್ಲಿ ಒಂದು ಕಚ್ಚು ಇರುತ್ತದೆ; ಅದರಾಚೆಯ ಚಿಕ್ಕ ತುಂಡಿನಲ್ಲಿ ಪ್ರತಿ ಬದಿಗೆ 11 ಕಾಲು. ಮುಖ್ಯ ಚಿಪ್ ಇರುವ ಬದಿಯಲ್ಲಿ, ಸ್ಕ್ರೂ ಬಿಗಿಯುವ ಲೋಹದ ತಗಡಿನ ಕಡೆಯಿಂದ ಎಣಿಸಿದರೆ 1, 2, 3 ಎಂಬುವು 12 ವೋಲ್ಟ್, 4 ಗ್ರೌಂಡ್, 8 ಎಂಬುದು 3.3 ವೋಲ್ಟ್. 12 ವೋಲ್ಟ್‌ನಿಂದ ಗ್ರೌಂಡಿಗೆ ಸಾಮಾನ್ಯವಾಗಿ ಕಿಲೋ ಓಂ ಲೆಕ್ಕ, 3.3ಕ್ಕೆ ನೂರಾರು ಓಂ; ಅಳತೆ 200 ಮೀರಿದರೆ ಮೀಟರಿನ ರೇಂಜ್ ಏರಿಸಿ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಮೇಲಿನ 6 ಅಥವಾ 8 ಪಿನ್ ಸಾಕೆಟ್ಟಿನ 12 ವೋಲ್ಟನ್ನು ಬೇರೆಯಾಗಿಯೇ ಅಳೆಯಿರಿ, ಅದರ ದಾರಿಯೇ ಬೇರೆ.

ಇಲ್ಲಿ ಹೊಸಬರು ಎಡವುವುದು ಕಾಯಿಲುಗಳಲ್ಲಿ, ಅಂದರೆ ಚಿಪ್ಪಿನ ಸುತ್ತ ಸಾಲಾಗಿರುವ ಕಪ್ಪು ಚೌಕಗಳಲ್ಲಿ. ಅವುಗಳಿಂದ ಗ್ರೌಂಡಿಗೆ ಅರ್ಧ ಓಂ ಬಂದರೆ ಶಾರ್ಟ್ ಅಂದುಕೊಳ್ಳುತ್ತಾರೆ. ದೊಡ್ಡ ಚಿಪ್ಪಿಗೆ ಅದು ಸಹಜ ಅಳತೆ. ಮೆಮೊರಿಯ ಕಾಯಿಲಿನಲ್ಲಿ ಹತ್ತಾರು ಓಂ ಬರಬೇಕು.

12 ವೋಲ್ಟ್ ಶಾರ್ಟ್ ಸಿಕ್ಕಿತೆಂದರೆ, ಅದರಿಂದ ಕಾಯಿಲಿಗೆ ಅಳೆಯಿರಿ. ಅಲ್ಲಿಯೂ ಸೊನ್ನೆಯಾದರೆ 12 ವೋಲ್ಟನ್ನು ಕಾಯಿಲಿಗೆ ಬಿಡುವ ಸ್ವಿಚ್, ಅಂದರೆ ಮೇಲ್ಬದಿಯ ಮಾಸ್‌ಫೆಟ್, ಹೋಗಿದೆ, ಒಂದು ವೋಲ್ಟ್ ಆಸುಪಾಸಿನ ಚಿಪ್ಪಿಗೆ ನೇರ 12 ವೋಲ್ಟ್ ಹೊಡೆದಿರಬಹುದು; ಅಂಥ ಕಾರ್ಡಿಗೆ ಹಣ ಸುರಿಯುವುದು ನಮ್ಮ ಪ್ರಕಾರ ದಂಡ. ಕಾಯಿಲಿಗೆ ಸೊನ್ನೆ ಬರದಿದ್ದರೆ ಅನುಮಾನ ಸೆರಾಮಿಕ್ ಕೆಪಾಸಿಟರಿನ ಮೇಲೆ. ಮೊಬೈಲ್ ರಿಪೇರಿಯವರ ಬಳಿ ಇರುವ ಡಿಸಿ ಪವರ್ ಸಪ್ಲೈಯಿಂದ 1 ವೋಲ್ಟ್, 2–3 ಆಂಪಿಯರ್ ಮಿತಿ ಇಟ್ಟು ಶಾರ್ಟ್ ಆದ 12 ವೋಲ್ಟ್ ಸಾಲಿಗೆ ಕೊಡಿ, ಮೇಲೆ ಆಲ್ಕೊಹಾಲ್ ಸವರಿ. ಎಲ್ಲಿ ಮೊದಲು ಆರುತ್ತದೋ ಅಲ್ಲೇ ಕಳ್ಳ. ಅದನ್ನು ಬಿಚ್ಚಿ ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ ಅದೇ ಅಳತೆಯ, 12 ವೋಲ್ಟ್ ಸಾಲಿಗೆ ಕನಿಷ್ಠ 16 ವೋಲ್ಟ್‌ನ ಕೆಪಾಸಿಟರ್ ಹಾಕಿ. ಸಾಕೆಟ್ ಹತ್ತಿರದ ಫ್ಯೂಸ್ ಸುಟ್ಟಿದ್ದರೆ ಶಾರ್ಟ್ ಹುಡುಕದೆ ಬದಲಿಸಬೇಡಿ. ತಂತಿಯಿಂದ ಜೋಡಿಸುವುದಂತೂ ಕಾರ್ಡಿಗೆ ಬೆಂಕಿ ಇಟ್ಟ ಹಾಗೆ.

ಅಡುಗೆ ಓವನ್ನಿನಲ್ಲಿಟ್ಟು ಬದುಕಿಸುವ ವಿದ್ಯೆಯನ್ನು ಮರೆತುಬಿಡಿ. ಸೀಸರಹಿತ ಬೆಸುಗೆ ಕರಗಲು 217 ಡಿಗ್ರಿ ದಾಟಬೇಕು, ಅಷ್ಟರಲ್ಲಿ ಪ್ಲಾಸ್ಟಿಕ್ ಸಾಕೆಟ್ ಸೊಟ್ಟಗಾಗಿ ಕೆಪಾಸಿಟರ್ ಉಬ್ಬಿರುತ್ತವೆ. ಕೆಲವು ಎದ್ದರೂ ಒಳಸಂಪರ್ಕ ತಾತ್ಕಾಲಿಕವಾಗಿ ಕೂಡಿರುತ್ತದೆ, ಮತ್ತೆ ಬಿಡುತ್ತದೆ. ಅದೇ ಓವನ್ನಿನಲ್ಲಿ ಮತ್ತೆ ರೊಟ್ಟಿ ಬೇಯಿಸುವುದೂ ಬೇಡ.

ಕಾರ್ಡ್ ಎದ್ದಿತೆಂದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದು ಎಕ್ಸ್16 (ಸ್ಲಾಟಿನ 16 ದಾರಿಗಳೂ ಕೆಲಸ ಮಾಡುತ್ತಿವೆ ಎಂದರ್ಥ) ತೋರಿಸುತ್ತದೆಯೇ ನೋಡಿ. ಎಕ್ಸ್16 ಕಾರ್ಡ್ ಪೂರ್ಣ ಸ್ಲಾಟಿನಲ್ಲೂ ಎಕ್ಸ್8 ಅಂದರೆ ಕಾಲುಗಳ ಮೇಲಿನ ಸಣ್ಣ ಕೆಪಾಸಿಟರುಗಳಲ್ಲಿ ಯಾವುದೋ ಉದುರಿರಬಹುದು, ಇಲ್ಲವೇ ಒಂದು ಕಾಲು ಇನ್ನೂ ಕೊಳೆಯಾಗಿದೆ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ: ಕೋಣೆ 27 ಡಿಗ್ರಿಯಿಂದ 42ಕ್ಕೆ ಏರಿದರೆ, ಫ್ಯಾನಿನ ವೇಗ ಅಷ್ಟೇ ಇದ್ದರೆ, ಚಿಪ್ಪೂ ಸುಮಾರು 15 ಡಿಗ್ರಿ ಏರುತ್ತದೆ.

ಕೊನೆಗೆ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೂರನೇ ಪಿನ್ ಹೆಸರಿಗಷ್ಟೇ ಇದೆ. ಎಸ್‌ಎಂಪಿಎಸ್ ಫಿಲ್ಟರಿನಿಂದಾಗಿ ಲೋಹದ ಮೇಲೆ ಮೇನ್ಸ್‌ನ ಅರ್ಧದಷ್ಟು, 115 ವೋಲ್ಟ್ ಸುಮಾರು ತೇಲುತ್ತಿರುತ್ತದೆ. ಕಂಪ್ಯೂಟರ್ ಚಾಲೂ ಇರುವಾಗಲೇ ಟಿವಿಯ ಎಚ್‌ಡಿಎಂಐ ಸಿಕ್ಕಿಸಿದರೆ ಪೋರ್ಟ್ ಹೋಗಬಹುದು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪಿಟ್ ಒಣಗುತ್ತದೆ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ, ಆದರೂ ಜುಮ್ಮೆಂದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.