ಖಾಲಿ ಬಿದ್ದ ಉಪಕೇಂದ್ರಕ್ಕೆ ಜನ ಬಂದರು: ನನ್ನ ಅನುಭವ

ಹಳೆ ಆರೋಗ್ಯ ಉಪಕೇಂದ್ರಗಳನ್ನು ರಿಪೇರಿ ಮಾಡಿ ಸಂಸಾರ ಇಡಬಹುದು ಅಂತ ನಾನು ಅಂದಾಗ ನಮ್ಮ ಮೂಡಿಗೆರೆ ಕಡೆ ಯಾರೂ ನಂಬಲಿಲ್ಲ. ನೋಡೋಕೆ ಬಂದ ಎಂಜಿನಿಯರ್ ‘ಕೆಡವೋದೇ ಸರಿ’ ಅಂದರು. ಈಗ ಎರಡು ಕಟ್ಟಡ ಮುಗಿಸಿದ್ದೇನೆ. ಮೊದಲನೆಯದು ಮೂರು ಮಳೆಗಾಲ ದಾಟಿದೆ. ಒಳಗೆ ಒಂದು ಹನಿ ಬಿದ್ದಿಲ್ಲ. ಅದೇ ಎಂಜಿನಿಯರ್ ಮೊನ್ನೆ ಫೋನ್ ಮಾಡಿ, ತಾರಸಿ ಮೇಲೆ ಶೀಟ್ ಹೊರಲು ನಿಲ್ಲಿಸಿದ ಪೈಪಿನ ಚೌಕಟ್ಟಿನ, ಅಂದರೆ ಟ್ರಸ್‌ನ, ಅಳತೆ ಕೇಳಿದರು.

ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಉಪಕೇಂದ್ರ ಅಂತ ಲೆಕ್ಕ. ಬಯಲಲ್ಲಿ 5,000ಕ್ಕೆ ಒಂದು. ಹಾಗಾಗಿ ನಮ್ಮ ಕಡೆ ಈ ಸಣ್ಣ ಕಟ್ಟಡಗಳು ಜಾಸ್ತಿ. ಮುಂದೆ ತಪಾಸಣೆ ಕೋಣೆ, ಹಿಂದೆ ನರ್ಸಮ್ಮನ ಕ್ವಾರ್ಟರ್ಸ್, ಎಲ್ಲ ಸೇರಿ ಎಂಟು ಚದರ, ಅಂದರೆ 800 ಚದರ ಅಡಿ. ಸೋರೋಕೆ ಶುರುವಾದ ಮೇಲೆ ನರ್ಸಮ್ಮ ಪೇಟೆಯಲ್ಲಿ ಮನೆ ಮಾಡಿದರು. 2018ರ ನಂತರ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡುವಾಗ ನಮ್ಮಲ್ಲಿ ರಸ್ತೆ ಪಕ್ಕ ಹೊಸ ಕಟ್ಟಡ ಬಂತು. ಹಳೆಯದು ಬಾವಲಿಗಳ ಪಾಲಾಯಿತು.

ಪಕ್ಕದ ಪಂಚಾಯಿತಿಯವರು ಇಂಥದ್ದನ್ನೇ ಸಮುದಾಯ ಭವನ ಮಾಡಿದ್ದರು. ಬಣ್ಣ, ಟೈಲ್ಸ್, ಉದ್ಘಾಟನೆ ಎಲ್ಲ ಆಯಿತು. ಎರಡನೇ ವರ್ಷಕ್ಕೆ ಕಿಟಕಿ ಇಲ್ಲ, ವೈರಿಂಗ್ ಇಲ್ಲ. ಬೀಗ ಹಾಕಿದ ಕಟ್ಟಡ ಮಲೆನಾಡಲ್ಲಿ ಉಳಿಯಲ್ಲ. ಒಳಗೆ ಒಲೆ ಉರಿಯಬೇಕು, ಬೆಳಿಗ್ಗೆ ಯಾರಾದರೂ ಕಿಟಕಿ ತೆಗೆಯಬೇಕು. ಅದಕ್ಕೇ ನಾನು ಹಿಂದೆ ಸಂಸಾರ, ಮುಂದೆ ಊರಿನ ಕೋಣೆ ಅಂತ ಹಟ ಹಿಡಿದೆ. ಸಂಸಾರ ಇದ್ದರೆ ಊರಿನ ಕೋಣೆಯೂ ಉಳಿಯುತ್ತೆ.

ಕಾಗದದ ವಿಷಯಕ್ಕೆ ಬರ್ತೀನಿ. ಜಾಗ ತೋಟದವರೊಬ್ಬರು ಹಿಂದೆ ದಾನ ಕೊಟ್ಟದ್ದು. ಪಹಣಿ ಇನ್ನೂ ಅವರ ಅಜ್ಜನ ಹೆಸರಲ್ಲೇ ಇತ್ತು. ಹಸ್ತಾಂತರ ಕೇಳಿದರೆ ಫೈಲು ಮೇಜಿಂದ ಮೇಜಿಗೆ ತಿರುಗುತ್ತೆ. ನಾವು ಹಸ್ತಾಂತರ ಬೇಡ, ಬಳಕೆಗೆ ಅನುಮತಿ ಸಾಕು ಅಂದೆವು. ಗುರುವಾರ ಲಸಿಕೆಗೆ ಮುಂದಿನ ಕೋಣೆ ಬಿಟ್ಟುಕೊಡ್ತೀವಿ ಅಂತ ಪಂಚಾಯಿತಿ ನಡಾವಳಿಯಲ್ಲೇ ಬರೆಸಿದೆವು. ಹಾಗೆ ಬರೆಸಿದ ಮೇಲೆ ಆರೋಗ್ಯ ಇಲಾಖೆಯವರಿಗೂ ಒಪ್ಪೋದು ಸುಲಭವಾಯಿತು. ಪತ್ರದಲ್ಲಿ ಇನ್ನೊಂದು ಸಾಲಿದೆ, ಅದನ್ನು ಇಲ್ಲಿ ಬರೆಯಲ್ಲ. ಎದುರಿಗೆ ಸಿಕ್ಕರೆ ಹೇಳ್ತೀನಿ.

ಇನ್ನು ಸೋರಿಕೆ. ತಾರಸಿ ಮೇಲೆ ವಾಟರ್‌ಪ್ರೂಫ್ ಬಳಿಸಿದೆವು, ಒಂದೇ ಮಳೆಗಾಲಕ್ಕೆ ಹೊಪ್ಪಳೆ ಎದ್ದು ಬಂತು. ಸಿಮೆಂಟ್ ಗಾರೆ ಇಳಿಜಾರು ಹಾಕಿಸಿದೆವು, ಪುಷ್ಯ ಮಳೆಗೆ ಮತ್ತೆ ಗೋಡೆಯಲ್ಲಿ ನೀರು. ಹತ್ತಿರ ಹತ್ತಿರ 70 ಸಾವಿರ ಹೀಗೇ ಹೋಯಿತು. ವಾರಗಟ್ಟಲೆ ಬಿಡದೆ ಸುರಿಯೋ ಊರಲ್ಲಿ ಬಯಲುಸೀಮೆಯ ತಾರಸಿ ನಿಲ್ಲಲ್ಲ. ಕೊನೆಗೆ ಮನೆಗಳಿಗೆ ಮಾಡೋ ಹಾಗೇ ಜಿಐ ಪೈಪಿನ ಟ್ರಸ್ ನಿಲ್ಲಿಸಿ ಶೀಟ್ ಹೊದಿಸಿದೆ. ನಾನು ಮಾಡಿದ ಬದಲಾವಣೆ ಎರಡು. ಸೂರನ್ನು ಮೂರು ಅಡಿ ಮುಂದಕ್ಕೆ ಬಿಟ್ಟೆ. ಗಾಳಿ ಬರೋ ಪಡುವಣ ದಿಕ್ಕಿಗೆ ಇನ್ನೂ ಜಾಸ್ತಿ. ಗೋಡೆ ಹಾಳು ಮಾಡೋದು ಸೋರಿಕೆಗಿಂತ ಎರಚಲು. ಎರಡನೆಯದು, ತಾರಸಿಯಿಂದ ಶೀಟಿಗೆ ಎತ್ತರ ಏಳಡಿ. ‘ಗಾಳಿಗೆ ಹಾರಿ ಹೋಗುತ್ತೆ’ ಅಂತ ವೆಲ್ಡರ್ ಕೂಡ ಹೆದರಿಸಿದ್ದ. ಕಂಬದ ಬುಡವನ್ನು ಸ್ಲ್ಯಾಬಿಗೆ ಕೂರಿಸದೆ ಕೆಳಗಿನ ಬೀಮಿಗೆ ಕಟ್ಟಿಸಿದೆ. ಅಲ್ಲಾಡಿಲ್ಲ.

ಆ ಏಳಡಿ ಜಾಗವೇ ಈಗ ಊರಿಗೆ ಪ್ರೀತಿ. ಸ್ತ್ರೀಶಕ್ತಿ ಸಂಘದವರು ಅಲ್ಲಿ ಮೆಣಸು ಹರವುತ್ತಾರೆ, ಮೀಟಿಂಗೂ ಅಲ್ಲೇ. ಜುಲೈನಲ್ಲಿ ಮಾತ್ರ ಶೀಟಿನ ಸದ್ದಿಗೆ ಮಾತು ಕೇಳಲ್ಲ, ಕೆಳಗಿನ ಕೋಣೆಗೆ ಇಳಿಯಬೇಕು. ಶೀಟಿನ ನೀರನ್ನು ಟ್ಯಾಂಕಿಗೆ ತಿರುಗಿಸಿ ನೋಡಿದೆ. ಪಾಚಿ, ಎಲೆ ತುಂಬಿ ಕಟ್ಟಿಕೊಳ್ಳುತ್ತಿತ್ತು. ಈಗ ಮೊದಲ ಮಳೆಯ ನೀರು ಹೊರಗೆ ಬಿಟ್ಟು ಆಮೇಲೆ ಹಿಡಿಯುತ್ತೇವೆ. ಪಾತ್ರೆ, ಬಟ್ಟೆಗೆ ಸಾಕು.

ಆಸ್ಪತ್ರೆ ಕಟ್ಟಡ ಅನ್ನೋದನ್ನು ಮರೆಯಬೇಡಿ. ಹಿಂದಿನ ಗುಂಡಿಯಲ್ಲಿ ಸೂಜಿ, ಗಾಜಿನ ಚೂರು ಇರುತ್ತೆ. ಅಗೆಯದೆ ಮೇಲೆ ಕಾಂಕ್ರೀಟ್ ಮುಚ್ಚಿಸಿ, ಅಲ್ಲಿ ಸೊಪ್ಪು ಬೆಳೆಯೋಕೆ ಬಿಡಬೇಡಿ. ಎರಡನೇ ಕಟ್ಟಡದ ಸ್ಟೋರಿನಲ್ಲಿ ಮಲೇರಿಯಾ ಕಾಲದ ಸೊಳ್ಳೆ ಕೊಲ್ಲುವ ಪುಡಿಯ ಹಳೇ ಚೀಲಗಳಿದ್ದವು. ಇಲಾಖೆಯವರಿಗೇ ತಿಳಿಸಿ ಒಯ್ಯಲು ಹೇಳಿದೆ. ಅದು ಹೋಗುವವರೆಗೆ ಆಳುಗಳನ್ನು ಒಳಗೆ ಬಿಡಲಿಲ್ಲ. ಆಮೇಲೆ ನೆಲ ಕಿತ್ತು ಹೊಸದಾಗಿ ಹಾಕಿಸಿದೆ. ಮಗು ತೆವಳೋ ನೆಲ ಅದು, ಇದರಲ್ಲಿ ಉಳಿತಾಯ ಮಾಡೋಕೆ ಹೋಗಬಾರದು.

ಬಾವಲಿ ಓಡಿಸೋಕೆ ಹೊಗೆ ಹಾಕಿದೆವು, ಉಪಯೋಗವಾಗಲಿಲ್ಲ. ಸಂಜೆ ಅವು ಹೊರಗೆ ಹೋದ ಮೇಲೆ ಸಂದಿಗಳಿಗೆ ಜಾಲರಿ ಬಡಿಸಿದ್ದು ಕೆಲಸ ಮಾಡಿತು. ಮರಿ ಇರೋ ಕಾಲದಲ್ಲಿ ಮಾಡಬೇಡಿ. ಒಳಗೋಡೆಗೆ ಡಿಸ್ಟೆಂಪರ್ ನಿಲ್ಲಲ್ಲ, ಸುಣ್ಣವೇ ಸರಿ. ಸುಣ್ಣಕ್ಕೆ ನಾನು ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರ ಇರಲಿ.

ಒಂದು ಕಟ್ಟಡದ ಖರ್ಚು ನೆನಪಿನಿಂದ ಹೇಳ್ತೀನಿ. ಟ್ರಸ್, ಶೀಟಿಗೆ ಸುಮಾರು 2.3 ಲಕ್ಷ. ಗಾರೆ, ನೆಲ ಸೇರಿ ಒಂದು ಲಕ್ಷದ ಮೇಲೆ. ಶೌಚಾಲಯ, ಗುಂಡಿಗೆ 60 ಸಾವಿರದ ಹತ್ತಿರ. ಬಾಗಿಲು, ಕಿಟಕಿ, ವೈರಿಂಗ್‌ಗೆ ಇನ್ನೊಂದು 90 ಸಾವಿರ. ನೀರಲ್ಲಿ ಹೋದ 70 ಸಾವಿರ ಬಿಟ್ಟರೆ ಒಟ್ಟು 5 ಲಕ್ಷದ ಆಚೀಚೆ. ಹೊಸದಾಗಿ ಕಟ್ಟಿದ್ದರೆ ಚದರ ಅಡಿಗೆ 2,200 ಹಿಡಿದರೂ 17 ಲಕ್ಷ ದಾಟುತ್ತಿತ್ತು. ಅರ್ಧ ಪಂಚಾಯಿತಿ ಅನುದಾನ, ಉಳಿದದ್ದು ತೋಟದವರು ಮತ್ತು ಸಂಘದವರು. ನನ್ನ ಬಿಲ್ಲು ತಡವಾಗಿ ಬಂತು, ಆಳುಗಳ ಕೂಲಿಗೆ ಹೆಂಡತಿಯ ಬಳೆ ಅಡವಿಟ್ಟಿದ್ದೆ.

ಇಷ್ಟೆಲ್ಲ ಯಾಕೆ ಅಂದರೆ 2019ರ ಆಗಸ್ಟ್. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ಆದರೆ ಹೊಸ ಮನೆ ಏಳುವವರೆಗೆ ಎಲ್ಲಿರೋದು? ಅದೇ ಹೊತ್ತಿಗೆ ನಮ್ಮೂರ ಉಪಕೇಂದ್ರ ಬೀಗ ಹಾಕಿಕೊಂಡು ಬಿದ್ದಿತ್ತು. ಅದು ನನಗೆ ತಡೆಯಲಾಗದ ಸಂಕಟ.

ಮೊದಲ ಕಟ್ಟಡದಲ್ಲಿ ಮಳೆಗೆ ಗೋಡೆ ಬಿದ್ದ ಮನೆಯವರು ಒಂದೂವರೆ ವರ್ಷ ಇದ್ದು ಹೋದರು. ಈಗ ಅತಿಥಿ ಶಿಕ್ಷಕಿ ಮತ್ತು ಅವರ ಅಮ್ಮ ಇದ್ದಾರೆ. ತಿಂಗಳಿಗೆ 1,500 ಬಾಡಿಗೆ, ಆ ದುಡ್ಡು ಕರೆಂಟಿಗೆ ಮತ್ತು ರಿಪೇರಿಗೆ. ಸಂಜೆ ಮುಂದಿನ ಕೋಣೆಯಲ್ಲಿ ಮಕ್ಕಳು ಓದುತ್ತಾರೆ. ಎರಡನೆಯದರಲ್ಲಿ ಕೂಲಿಗೆ ಹೋಗೋ ಅಮ್ಮಂದಿರ ಮಕ್ಕಳಿಗೆ ಕೂಸಿನ ಮನೆ ಮಾಡೋ ಮಾತು ನಡೆದಿದೆ. ಅಲ್ಲಿ ಹಿಂದಿನ ಭಾಗಕ್ಕೆ ಇನ್ನೂ ಸಂಸಾರ ಬಂದಿಲ್ಲ. ಆರಿದ್ರಾ ಮಳೆ ಹಿಡಿಯೋದರೊಳಗೆ ಯಾರನ್ನಾದರೂ ಒಕ್ಕಲು ಕೂರಿಸಬೇಕು, ಪಿಡಿಒ ಮೇಡಂ ಹತ್ತಿರ ಮೂರು ಅರ್ಜಿ ಇವೆ.